ಅಪ್ಪನ ಕಂಬಳಿ

"ಗುರುಗಳೆ, ನಾವು ಯಾರೆಂಬುದನ್ನೇ ಅರಿಯದವರಿಗೆ ಸೇವೆ ಮಾಡಿದರೆ, ಆ ಸೇವೆ ಯಾರಿಗೆ ಸಲ್ಲುತ್ತದೆ?"

ಕೇಳಿದವನು ಶಿಷ್ಯ ಅಡವಯ್ಯ. ಅವನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಒಳಗೆ ಒಯ್ದಾಗ ಹೇಗಿತ್ತೋ ಹಾಗೆಯೇ ತುಂಬಿತ್ತು. ಮಠದ ಹಿರಿಯರಾದ ದೊಡ್ಡಜ್ಜನವರು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವರ ಮೈ ತೊಳೆಯುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಎಲ್ಲ ಅಡವಯ್ಯನ ಪಾಲಿಗೆ ಬಂದಿತ್ತು.

ಗುರುಗಳು ಬಟ್ಟಲನ್ನು ನೋಡಿದರು. "ಇವತ್ತೂ ತೆಗೆದುಕೊಳ್ಳಲಿಲ್ಲವೆ?" ಎಂದರು.

"ಇಲ್ಲ. ಮೊನ್ನೆಯಿಂದ ಎರಡು ಚಮಚ ನೀರು ಇಳಿದಿದ್ದರೆ ಹೆಚ್ಚು. ಅವರು ನನ್ನನ್ನು ದುಂಡ್ಯಾ ಎಂದು ಕರೆಯುತ್ತಾರೆ. ಈ ಮಠದಲ್ಲಿ ಆ ಹೆಸರಿನವರು ಯಾರೂ ಇಲ್ಲ. ನನ್ನ ಮೀನಖಂಡವನ್ನು ಸವರಿ, 'ದುಂಡ್ಯಾ, ಒಂದು ಚೂರು ಬೆಲ್ಲದ ಸಲುವಾಗಿ ಕಾಲಿಗೆ ಬರಿ ಎಳದಿದ್ನಲ್ಲೋ, ಸಿಟ್ಟು ಹೋತೇನೋ ಮಗನ?' ಎಂದು ಕೇಳುತ್ತಾರೆ. ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಎರಡು ವರ್ಷ ಕೇಳಿಸಿಕೊಂಡು ಸುಮ್ಮನಿದ್ದೆ. ಮೊನ್ನೆ ತಡೆಯಲಿಲ್ಲ. ನಾನು ದುಂಡ್ಯಾ ಅಲ್ಲ, ಅಡವಯ್ಯ, ನೀವು ಕೇಳುವವನು ಇಲ್ಲಿಲ್ಲ ಎಂದುಬಿಟ್ಟೆ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅಂದಿನಿಂದ ಬಾಯಿ ತೆರೆದಿಲ್ಲ. ನಾನು ನಿಜವನ್ನೇ ಹೇಳಿದೆ, ಗುರುಗಳೆ. ನಿಮಗೆ ಪಟ್ಟ ಕಟ್ಟಿದವರು ಅವರು. ನೀವು ಹೋದರೂ ಕೈಮುಗಿದು, ಯಾವ ಊರಿನವರು ಎಂದು ಕೇಳುತ್ತಾರೆ. ಇನ್ನು ನನ್ನ ಹೆಸರು ಅವರಿಗೆ ಎಲ್ಲಿಂದ ನೆನಪಿರಬೇಕು? ಈ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಿ."

"ಕುಳಿತುಕೊ," ಎಂದರು ಗುರುಗಳು. "ಬಟ್ಟಲು ಕೆಳಗಿಡು. ಆರಿದ ಗಂಜಿ ಮತ್ತೇನು ಆರುವುದಿಲ್ಲ."

ಅಡವಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಕಂಬಳಿ ನೇಕಾರನಿದ್ದ. ಅವನ ತಾಯಿಗೆ ವಯಸ್ಸಾಗಿ ಮರೆವು ಬಂತು. ಬೀಗದ ಕೈ ಎಲ್ಲಿಟ್ಟೆನೆಂದು ಮರೆಯುವ ಮರೆವಲ್ಲ. ಹಿಂದಿನ ನಲವತ್ತು ವರ್ಷವೇ ಆಕೆಯ ತಲೆಯಿಂದ ಹೋಯಿತು. ಗಂಡ ತೀರಿಕೊಂಡದ್ದು ಹೋಯಿತು. ಮಗ ಬೆಳೆದು ದೊಡ್ಡವನಾದದ್ದು ಹೋಯಿತು. ತಾನು ಮುದುಕಿಯಾದದ್ದೂ ಹೋಯಿತು. ಒಂದು ಮಾತ್ರ ಉಳಿಯಿತು. ಗಂಡ ಉಣ್ಣುವ ಮೊದಲು ತಾನು ಉಣ್ಣಬಾರದು ಎಂಬುದು. ಮದುವೆಯಾಗಿ ಬಂದಂದಿನಿಂದ ಆಕೆ ಹಾಗೆಯೇ ನಡೆದುಕೊಂಡಿದ್ದಳು.

ಬಿಸಿಲೇರಿದ ಕೂಡಲೇ ಹೊಸ್ತಿಲ ಹತ್ತಿರ ಬಂದು ಕುಳಿತು, ಅವರು ಎಲ್ಲಿ ಎಂದು ಕೇಳುತ್ತಿದ್ದಳು. ನೇಕಾರ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ಅಪ್ಪ ಹೋಗಿ ಹದಿನಾಲ್ಕು ವರ್ಷ ಆತು, ಯವ್ವಾ," ಎನ್ನುತ್ತಿದ್ದ. ಆಕೆಗೆ ಅದು ಆಗತಾನೆ ಬಂದ ಸುದ್ದಿ. ಎದೆ ಬಡಿದುಕೊಂಡು ಅಳುತ್ತಿದ್ದಳು. ಗಂಡ ಸತ್ತ ದಿನ ಯಾವ ಹೆಂಗಸಿಗೆ ಅನ್ನ ಇಳಿಯುತ್ತದೆ? ಮರುದಿನ ಅತ್ತದ್ದೂ ಮರೆತು ಮತ್ತೆ ಹೊಸ್ತಿಲಿಗೆ ಬರುತ್ತಿದ್ದಳು. ಮಗ ಮತ್ತೆ ನಿಜವನ್ನೇ ಹೇಳುತ್ತಿದ್ದ. ನಿಜ ಹೇಳುವವರಿಗೆ ಒಂದು ಸುಖವಿದೆ, ಅಡವಯ್ಯ. ಕೇಳಿದವರ ಪಾಡು ಏನೇ ಆಗಲಿ, ತಮ್ಮ ನಾಲಿಗೆ ಮಾತ್ರ ಚೊಕ್ಕಟವಾಗಿರುತ್ತದೆ.

ಅವನ ಹೆಂಡತಿ ಒಂದು ತಿಂಗಳು ನೋಡಿದಳು. ಅತ್ತೆಗೆ ಸ್ನಾನ ಮಾಡಿಸುವವಳು ಅವಳು. ಸೊಂಟದ ಮೂಳೆ ಎದ್ದು ಕಾಣುವುದೂ ತೋಳಿನ ಚರ್ಮ ಜೋತುಬೀಳುವುದೂ ಮೊದಲು ಕಂಡದ್ದು ಅವಳಿಗೆ.

"ನಿಮ್ಮ ಖರೇ ಮಾತು ಸಾಕು ಮಾಡ್ರಿ," ಎಂದಳು ಗಂಡನಿಗೆ. "ಎಲ್ಲಾರೂ ಗಂಡನ್ನ ಒಮ್ಮೆ ಕಳಕೋತಾರ. ಅತ್ತಿ ದಿನಾ ಕಳಕೊಳ್ಳಾಕತ್ತಾರ."

ಅಂದಿನಿಂದ ನೇಕಾರ, ಅಪ್ಪ ಸಂತೆಗೆ ಹೋಗಿದ್ದಾನೆ, ಬರುತ್ತಾನೆ ಎನ್ನತೊಡಗಿದ. ಅಳು ನಿಂತಿತು. ಆದರೆ ಸಂತೆಗೆ ಹೋದ ಗಂಡ ಮನೆಗೆ ಬರುವ ಮುಂಚೆ ಉಣ್ಣುವವಳಲ್ಲ ಆಕೆ. ಅವರು ಬರಲಿ ಎಂದು ಊಟದ ಗಂಗಾಳವನ್ನು ಆಚೆ ಸರಿಸುತ್ತಿದ್ದಳು. ಕಾದು ಕಾದು ಸಂಜೆಗೆ ಹಾಗೆಯೇ ಗೋಡೆಗೆ ಒರಗುತ್ತಿದ್ದಳು. ಮೊದಲು ಅತ್ತು ಉಪವಾಸ ಬೀಳುತ್ತಿದ್ದಳು, ಈಗ ಕಾದು ಉಪವಾಸ ಬೀಳತೊಡಗಿದಳು. ನೇಕಾರ ಕೈಚೆಲ್ಲಿ ಕುಳಿತ. ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಹಾಗೆಯೇ ಉಳಿಯಿತು.

ಚಳಿಗಾಲದ ಒಂದು ದಿನ ಅವನಿಗೆ ಮೈ ಬಿಸಿಯಾಗಿತ್ತು. ಗೂಟಕ್ಕೆ ನೇತುಹಾಕಿದ್ದ ಅಪ್ಪನ ಹಳೆಯ ಕಂಬಳಿಯನ್ನು ಹೊದ್ದು ಹಿತ್ತಲಿಗೆ ಹೋಗಿ ಬಂದ. ಅವನು ಬಾಗಿಲಿಗೆ ಬಂದದ್ದೇ ತಡ, ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ತಾನಾಗಿ ಎದ್ದು ನಿಂತು ಎಷ್ಟೋ ದಿನವಾಗಿತ್ತು.

"ಇಷ್ಟ ಹೊತ್ತು ಮಾಡೋದೇನ್ರಿ? ರೊಟ್ಟಿ ಆರಿ ಕಟಗಿ ಆಗ್ಯಾವು," ಎಂದಳು.

ನೇಕಾರ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೆಂಡತಿ ಗಂಗಾಳ ತಂದು ಅವನ ಮುಂದಿಟ್ಟು, ಉಣ್ಣಿ ಎಂದು ಕಣ್ಸನ್ನೆ ಮಾಡಿದಳು. ಅವನು ಉಂಡ. ಅವನು ಕೈ ತೊಳೆದ ಮೇಲೆ ತಾಯಿ ಅದೇ ಗಂಗಾಳವನ್ನು ಎಳೆದುಕೊಂಡು ಒಂದು ರೊಟ್ಟಿಯನ್ನು ಪೂರ್ತಿ ತಿಂದಳು. ಸೊಸೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ತಿಂದು ನೀರು ಕುಡಿದು ಆಕೆ ಕೇಳಿದಳು: "ಕೂಸು ಎಲ್ಲೈತ್ರೀ? ಮುಂಜಾನಿಂದ ಕಣ್ಣಿಗೇ ಬಿದ್ದಿಲ್ಲ."

ಆಕೆಯ ಲೆಕ್ಕದಲ್ಲಿ ಮಗನಿಗೆ ಆರು ವರ್ಷ. ಉಂಡು ಆಡಲು ಹೋಗಿದ್ದಾನೆ ಎಂದ ನೇಕಾರ.

ಅವತ್ತಿನಿಂದ ಅವನು ತಾಯಿಯ ಎದುರು ಕಂಬಳಿ ಬಿಟ್ಟು ಬರಲಿಲ್ಲ. ಬೇಸಗೆಯಲ್ಲೂ ಬೆವರಿಳಿಸಿಕೊಂಡು ಹೊದ್ದು ಕುಳಿತ. ಮುದುಕಿಗೆ ಮರುಳು, ಮಗನಿಗೆ ಹುಚ್ಚು ಎಂದು ಓಣಿಯವರು ನಕ್ಕರು. ಆಕೆ ಹಾಸಿಗೆ ಹಿಡಿದ ಮೇಲೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದ. ಹಿಮ್ಮಡಿ ಹುಣ್ಣಾಗದಂತೆ ಹಳೆಯ ಸೀರೆಯನ್ನು ಮಡಿಸಿ ಕಾಲಿನ ಕೆಳಗೆ ಇಟ್ಟ. ಬಾಯಲ್ಲಿಟ್ಟುಕೊಂಡ ಗಂಜಿಯನ್ನು ನುಂಗುವುದು ಮರೆತಾಗ ಗಂಟಲನ್ನು ಮೆಲ್ಲಗೆ ಸವರಿ ನುಂಗಿಸಿದ. ಆಕೆ ಅವನೊಡನೆ ನಾಚಿಕೊಂಡು ಮಾತಾಡುತ್ತಿದ್ದಳು. ಮಾತೆಲ್ಲ ಮಗನ ಬಗ್ಗೆಯೇ. ಕೂಸಿಗೆ ಕೆಮ್ಮು, ಕೂಸಿನ ಹಲ್ಲು ಅಲುಗುತ್ತಿದೆ, ಕೂಸು ನಿಮ್ಮಂತೆಯೇ ಹಟಮಾರಿ. ತಾಯಿಗೆ ತನ್ನ ಮೇಲೆ ಎಷ್ಟು ಜೀವವಿತ್ತೆಂದು ನೇಕಾರನಿಗೆ ತಿಳಿದದ್ದು ಆಗಲೇ. ಅದನ್ನು ಅವನು ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಬೇಕಾಗಿತ್ತು.

ಒಂದು ದಿನ ಅವನಿಂದ ತಾಳಲಾಗಲಿಲ್ಲ. ಕಂಬಳಿಯನ್ನು ತೆಗೆದು ಪಕ್ಕಕ್ಕಿಟ್ಟ. "ಯವ್ವಾ, ನಾನ ನಿನ್ನ ಮಗ ಅದೀನಿ. ಒಮ್ಮೆ ನೋಡಬೇ," ಎಂದ.

ತಾಯಿ ನೋಡಿದಳು. ಎದುರಿಗೆ ತಲೆ ನರೆತ ಗಂಡಸೊಬ್ಬ ಕುಳಿತಿದ್ದ. "ಯಾಂವ ನೀ? ಒಳಗ ಹ್ಯಾಂಗ ಬಂದಿ?" ಎಂದು ಹೆದರಿ ಕೂಗಿಕೊಂಡಳು. ಎರಡು ದಿನ ಗಂಜಿ ಮುಟ್ಟಲಿಲ್ಲ. ನೇಕಾರ ಮತ್ತೆಂದೂ ಆ ತಪ್ಪು ಮಾಡಲಿಲ್ಲ.

ಅಡವಯ್ಯ ನೆಲದ ಮೇಲಿದ್ದ ಬಟ್ಟಲನ್ನು ನೋಡಿದ. ಗುರುಗಳು ಅದನ್ನು ಗಮನಿಸದವರಂತೆ ಮುಂದುವರಿಸಿದರು.

ಹೀಗೆ ಮೂರು ವರ್ಷ ನಡೆಯಿತು. ಕೊನೆಯ ದಿನ ಆಕೆಗೆ ಉಸಿರು ಎಳೆಯುತ್ತಿತ್ತು. ಮಗ ಕಂಬಳಿ ಹೊದ್ದು ಪಕ್ಕದಲ್ಲಿ ಕುಳಿತಿದ್ದ. ಆಕೆಯ ಕೈ ಅವನ ಕೈಯಲ್ಲಿತ್ತು.

"ಕೂಸು ಒಮ್ಮೆನೂ ಬರಲಿಲ್ಲಲ್ರೀ," ಎಂದಳು. "ನನ್ನ ಮ್ಯಾಲೆ ಸಿಟ್ಟೇನು ಅವಗ?"

ಕಂಬಳಿ ತೆಗೆದರೆ ಅವನು ಮನೆಗೆ ನುಗ್ಗಿದ ಪರಪುರುಷ. ತೆಗೆಯದಿದ್ದರೆ ಗಂಡ. ಮಗನಾಗಲು ಅವನಿಗೆ ದಾರಿಯೇ ಇರಲಿಲ್ಲ. "ಸಿಟ್ಟಿಲ್ಲ," ಎಂದ.

"ಅಂವಾ ಹೇಳ್ಯಾನ?"

"ಅಂವನ ಹೇಳ್ಯಾನ."

ಆಕೆ ಎರಡು ಗುಟುಕು ಗಂಜಿ ಕುಡಿದಳು. ಸಂಜೆಯ ಹೊತ್ತಿಗೆ ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ಪ್ರಾಣ ಬಿಟ್ಟಳು. ಮಗನ ಕೈಯನ್ನು ಹಿಡಿದುಕೊಂಡೇ ಮಗನ ದಾರಿ ಕಾಯುತ್ತ ಹೋದಳು. ಮಣ್ಣಿಗೆ ಹೊರಟಾಗ ನೇಕಾರ ಕಂಬಳಿಯನ್ನು ಮಡಿಸಿ ಒಳಗಿಟ್ಟು ಬಂದ. ಅಂದು ಅವನು ಮತ್ತೆ ಮಗನಾದ. ನೋಡುವುದಕ್ಕೆ ಆಕೆ ಇರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಅಡವಯ್ಯ ಮುಂದೇನೋ ಇದೆ ಎಂದುಕೊಂಡಿದ್ದ. ಆಮೇಲೆ ಕೇಳಿದ: "ಅವನಿಗೆ ಏನು ಸಿಕ್ಕಿತು, ಗುರುಗಳೆ?"

"ಏನೂ ಸಿಗಲಿಲ್ಲ. ಏನೋ ಸಿಕ್ಕಿತೆಂದು ಹೇಳಿದರೆ ನಿನಗೆ ಹಗುರವಾಗುತ್ತದೆ, ಗೊತ್ತು. ಆದರೆ ಸಿಗಲಿಲ್ಲ. ಆಕೆ ಮೂರು ವರ್ಷ ಉಂಡಳು, ಅಷ್ಟೇ."

"ಹಾಗಾದರೆ ನಾನು ದುಂಡ್ಯಾ ಆಗಬೇಕು."

"ಅವರು ಗಂಜಿ ಕುಡಿಯಬೇಕಾದರೆ ಆಗಬೇಕು."

ಅಡವಯ್ಯ ತಲೆಯಾಡಿಸಿದ. "ಹೆಸರಿಗೆ ಓಗೊಡುತ್ತೇನೆ. ಅದು ಕಷ್ಟವಲ್ಲ. ಆದರೆ ಸಿಟ್ಟು ಹೋಯಿತೇ ಎಂದು ಕೇಳುತ್ತಾರಲ್ಲ, ಅದಕ್ಕೆ ಏನು ಹೇಳಲಿ? ನಿಮ್ಮ ನೇಕಾರ ಸಿಟ್ಟಿಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಅವನು ನಿಜವಾಗಿಯೂ ಆಕೆಯ ಮಗ. ಬರೆ ಬಿದ್ದದ್ದು ನನ್ನ ಕಾಲಿನ ಮೇಲಲ್ಲ. ಆ ದುಂಡ್ಯಾ ಯಾರೋ, ಬದುಕಿದ್ದಾನೋ ಇಲ್ಲವೋ, ಅವನ ಸಿಟ್ಟು ಇಳಿದಿದೆಯೋ ಇಲ್ಲವೋ. ಅವನ ಪರವಾಗಿ ಕ್ಷಮಿಸುವುದಕ್ಕೆ ನಾನು ಯಾರು?"

ಗುರುಗಳು ಬಟ್ಟಲನ್ನು ಎತ್ತಿ ಅವನ ಕೈಗೆ ಕೊಟ್ಟರು. ಆಮೇಲೆ ಕಾವಿಯ ಅಂಚನ್ನು ಮೊಣಕಾಲಿನ ತನಕ ಸರಿಸಿದರು. ಮೀನಖಂಡದ ಮೇಲೆ ಅಡ್ಡಲಾಗಿ ಹಳೆಯ ಬರೆಯ ಕಲೆಯಿತ್ತು.

"ಸಿಟ್ಟಿಲ್ಲ ಎಂದು ನೀನೇ ಹೇಳು, ನಾನು ಹೇಳಿದರೆ, ನೀವು ಯಾವ ಊರಿನವರು ಎಂದು ಕೇಳುತ್ತಾರೆ."