ತಾರೆಹೊಂಡದ ಹನ್ನೊಂದು ನಮಸ್ಕಾರ

ಮಕ್ಕಳೇ, ಬೇಸಿಗೆಯ ಕಾಡನ್ನು ನೀವು ನೋಡಿದ್ದೀರೋ ಇಲ್ಲವೋ. ಎಲೆ ಉದುರಿ, ಹುಲ್ಲು ಒಣಗಿ, ಹಳ್ಳದಲ್ಲಿ ನೀರಿನ ಬದಲು ಉರುಟು ಕಲ್ಲುಗಳೇ ಕಾಣುವ ಕಾಲ ಅದು. ಅಂಥ ಒಂದು ಕಾಡಿನ ನಡುವೆ ಒಂದೇ ಒಂದು ಹೊಂಡವಿತ್ತು. ದಡದಲ್ಲಿ ದೊಡ್ಡದೊಂದು ತಾರೆಮರ ಇದ್ದುದರಿಂದ ಅದಕ್ಕೆ ತಾರೆಹೊಂಡ ಎಂದು ಹೆಸರು. ಬೇಸಿಗೆ ಬಂತೆಂದರೆ ಕಾಡುಕೋಣದಿಂದ ಅಳಿಲಿನವರೆಗೆ ಎಲ್ಲರಿಗೂ ಅದೇ ನೀರು.

ಆದರೆ ಅಲ್ಲಿ ಸುಮ್ಮನೆ ಹೋಗಿ ನೀರಿಗೆ ಬಾಯಿ ಹಾಕುವಂತಿರಲಿಲ್ಲ. ಅದಕ್ಕೊಂದು ಕ್ರಮವಿತ್ತು. ಬೆಳಿಗ್ಗೆ ಎಲ್ಲರೂ ದಡದಲ್ಲಿ ಸಾಲಾಗಿ ನಿಲ್ಲಬೇಕು. ಬಂಡೆಯ ಮೇಲೆ ಕಾವಲಿಗಿರುವ ಟಿಟ್ಟಿಭ ಹಕ್ಕಿ "ಎಲ್ಲ ಸರಿಯಿದೆ, ಎಲ್ಲ ಸರಿಯಿದೆ" ಎಂದು ಕೂಗಬೇಕು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಕುತ್ತಿಗೆ ಬಗ್ಗಿಸಿ, ಹೊಂಡಕ್ಕೆ ಮೂರು ನಮಸ್ಕಾರ ಹಾಕಬೇಕು. ಅದಾದ ಮೇಲೆಯೇ ನೀರು.

ಈ ಕ್ರಮ ತಪ್ಪದಂತೆ ನೋಡಿಕೊಳ್ಳುತ್ತಿದ್ದವನು ಕಾಡಿನ ಯಜಮಾನ, ಕೊಂಬಯ್ಯ ಎಂಬ ಕಾಡುಕೋಣ. ಕೆಟ್ಟವನೇನಲ್ಲ. ಮಳೆಗಾಲದಲ್ಲಿ ಕೆಸರಿಗೆ ಸಿಕ್ಕ ಜಿಂಕೆಗಳನ್ನು ಕೊಂಬಿನಿಂದ ಎತ್ತಿ ದಡ ಸೇರಿಸಿದವನು. ಆದರೆ ಯಾರಾದರೂ "ಯಾಕೆ" ಎಂದರೆ ಸಾಕು, ಅವನಿಗೆ ಕಿವಿಯೊಳಗೆ ನೊಣ ಹೊಕ್ಕಂತಾಗುತ್ತಿತ್ತು.

ಆ ಕಾಡಿನಲ್ಲಿ "ಯಾಕೆ" ಎನ್ನುತ್ತಿದ್ದವಳು ಒಬ್ಬಳೇ, ಒಂದು ಕಾಡುಕೋಳಿ. ಹಗಲೆಲ್ಲ ತರಗೆಲೆ ಕೆದಕುತ್ತಿದ್ದಳು. ಯಾರಾದರೂ ಮಾತಿಗೆ ಸಿಕ್ಕರೆ ಅವರ ಮಾತನ್ನೂ ಕೆದಕುತ್ತಿದ್ದಳು. ಹಾಗಾಗಿ ನೆರೆಹೊರೆಯವರೆಲ್ಲ ಅವಳನ್ನು ಕೆದಕಮ್ಮ ಎಂದೇ ಕರೆಯುತ್ತಿದ್ದರು. ಅವಳು ದೂರದಲ್ಲಿ ಕಂಡರೆ ಮುಳ್ಳುಹಂದಿ ಬಿಲದೊಳಗೆ ಹೋಗಿ ಗೊರಕೆ ಹೊಡೆಯುವವನಂತೆ ನಟಿಸುತ್ತಿದ್ದ. ಅವಳ ಮಾತಿಗೆ ಬೇಸರವಿಲ್ಲದೆ ಕಿವಿಗೊಡುತ್ತಿದ್ದವಳು ಪಕ್ಕದ ಪೊದೆಯ ಮೊಲ ನೀಲವ್ವ ಮಾತ್ರ. ಕಿವಿ ಉದ್ದವಿದ್ದದ್ದೂ ಸಾರ್ಥಕವಾಯಿತು ಎಂದು ನೀಲವ್ವ ನಗುತ್ತಿದ್ದಳು.

ಆ ವರ್ಷ ಬಿಸಿಲು ಹೆಚ್ಚಿ, ಸಾಮಾನ್ಯವಾಗಿ ಬತ್ತದ ನದಿಯೂ ಬತ್ತಿತು. ಅದಾಗಿ ಎರಡು ದಿನಕ್ಕೆ ತಾರೆಹೊಂಡದಲ್ಲಿ ಒಂದು ಅವಘಡ ನಡೆಯಿತು. ಮಾದ ಎಂಬ ಮುಸುವ, ಕರಿಮೂತಿಯ ಕೋತಿ, ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಕುಳಿತು ನಮಸ್ಕಾರ ಹಾಕುತ್ತಿದ್ದ. ಎರಡನೆಯ ನಮಸ್ಕಾರಕ್ಕೆ "ಅಯ್ಯೋ" ಎಂದು ಕಿರುಚಿದ. ಎಲ್ಲರೂ ಕಣ್ಣು ಬಿಟ್ಟಾಗ ಅವನ ಬಾಲ ಅರ್ಧಕ್ಕರ್ಧ ಇರಲಿಲ್ಲ.

"ಯಾರು ಕಚ್ಚಿದ್ದು?" ಕೆದಕಮ್ಮ ಕೇಳಿದಳು.

"ಕಣ್ಣು ಮುಚ್ಚಿದ್ದೆ, ನನಗೆ ಹೇಗೆ ಗೊತ್ತಾಗಬೇಕು?" ಎಂದ ಮಾದ, ಉಳಿದ ಬಾಲವನ್ನು ಎದೆಗೆ ಅವಚಿಕೊಂಡು.

ಕೊಂಬಯ್ಯ ಗಂಭೀರವಾಗಿ ತಲೆಯಾಡಿಸಿದ. "ಇವನು ಸರಿಯಾಗಿ ಬಗ್ಗಿಲ್ಲ. ಹೊಂಡಕ್ಕೆ ಸಿಟ್ಟು ಬಂದಿದೆ. ಇನ್ನು ಮೂರು ನಮಸ್ಕಾರ ಸಾಲದು, ಐದು ಹಾಕೋಣ."

ಎಲ್ಲರೂ ಹೂಂ ಎಂದರು. ಮಾದನೂ ಹೂಂ ಎಂದ.

ಏನು ನಡೆದಿತ್ತೆಂದು ನಿಮಗೆ ಮಾತ್ರ ಹೇಳುತ್ತೇನೆ. ನದಿ ಬತ್ತಿದಾಗ ಅಲ್ಲಿದ್ದ ಮೊಸಳೆಯೊಂದು ನೀರು ಹುಡುಕಿಕೊಂಡು ಕಾಡಿನೊಳಗೇ ನಡೆದು ಬಂದು ತಾರೆಹೊಂಡಕ್ಕೆ ಇಳಿದಿತ್ತು. ಮೊದಲ ಬೆಳಿಗ್ಗೆ ದಡದ ಸಾಲು ನೋಡಿ ಅದಕ್ಕೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. "ಇಷ್ಟು ವರ್ಷ ಬೇಟೆಯಾಡಿದ್ದೇನೆ, ಸಾಲಾಗಿ ನಿಂತು ಕಣ್ಣು ಮುಚ್ಚಿಕೊಂಡು ಕತ್ತು ಚಾಚುವ ಊಟವನ್ನು ಎಲ್ಲೂ ಕಂಡಿರಲಿಲ್ಲ" ಎಂದುಕೊಂಡಿತು. ಮೂರು ನಮಸ್ಕಾರದ ಸಮಯದಲ್ಲಿ ಅದಕ್ಕೆ ದಡ ಮುಟ್ಟಲು ಆಗುತ್ತಿರಲಿಲ್ಲ. ಅಡ್ಡ ಸಿಕ್ಕ ಬಾಲಕ್ಕೇ ತೃಪ್ತಿಪಟ್ಟಿತ್ತು. ಈಗ ಯಜಮಾನನೇ ಐದು ಮಾಡಿಕೊಟ್ಟ.

ಮರುದಿನ ಐದನೆಯ ನಮಸ್ಕಾರ ಮುಗಿದು ಎಲ್ಲರೂ ಕಣ್ಣು ಬಿಟ್ಟಾಗ, ನೀಲವ್ವ ನಿಂತಿದ್ದ ಜಾಗ ಖಾಲಿಯಾಗಿತ್ತು. ಮಣ್ಣು ಒದ್ದೆಯಾಗಿತ್ತು.

"ನೀಲವ್ವ ಪುಣ್ಯವಂತೆ" ಎಂದ ಕೊಂಬಯ್ಯ. "ಹೊಂಡವೇ ಅವಳನ್ನು ಕರೆದುಕೊಂಡಿದೆ. ಆದರೂ ನಮ್ಮ ಭಕ್ತಿಯಲ್ಲಿ ಎಲ್ಲೋ ಕೊರತೆಯಿದೆ ಅನ್ನಿಸುತ್ತದೆ. ನಾಳೆಯಿಂದ ಹನ್ನೊಂದು."

ಕೆದಕಮ್ಮ ಅಂದು ಕಾಳು ಕೆದಕಲಿಲ್ಲ. ನೀಲವ್ವನ ಪೊದೆಯ ಮುಂದೆ ಹೋಗಿ ಕುಳಿತಳು. ಅವಳಿಗೆ ಅಳು ಬಂತು, ಜೊತೆಗೆ ಹೆದರಿಕೆಯೂ ಆಯಿತು. ಏಕೆಂದರೆ ಅವಳಿಗೆ ಎಂಟು ಮರಿಗಳಿದ್ದವು. ಅಷ್ಟು ದಿನ ಎಲೆಯ ಮೇಲಿನ ಇಬ್ಬನಿ ಕುಡಿಸಿ ಸಾಕಿದ್ದಳು. ಈಗ ಇಬ್ಬನಿಯೂ ಬೀಳುತ್ತಿರಲಿಲ್ಲ. ಮರಿಗಳ ಕೊಕ್ಕು ಒಣಗಿ, ಕೊನೆಯದಂತೂ ನಿಂತಲ್ಲೇ ತೂಕಡಿಸುತ್ತಿತ್ತು. ಒಂದೆರಡು ದಿನದಲ್ಲಿ ಅವನ್ನು ಹೊಂಡಕ್ಕೆ ಕರೆದೊಯ್ಯದೆ ಬೇರೆ ದಾರಿಯೇ ಇರಲಿಲ್ಲ.

ಅವಳು ಎದ್ದು ನೇರ ಟಿಟ್ಟಿಭ ಹಕ್ಕಿಯ ಬಂಡೆಗೆ ಹೋದಳು. ಅವನನ್ನು ಎಲ್ಲರೂ ಟಿಟ್ಟಿ ಎಂದು ಕರೆಯುತ್ತಿದ್ದರು.

"ಟಿಟ್ಟಿ, ನೀನು ದಿನಾ ಎಲ್ಲ ಸರಿಯಿದೆ ಅಂತ ಕೂಗುತ್ತೀಯಲ್ಲ, ಏನು ಸರಿಯಿದೆ?"

"ಎಲ್ಲ" ಎಂದ ಟಿಟ್ಟಿ.

"ಎಲ್ಲ ಅಂದರೆ?"

ಟಿಟ್ಟಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. "ನಮ್ಮಪ್ಪ ಇದೇ ಬಂಡೆಯ ಮೇಲೆ ಇದನ್ನೇ ಕೂಗುತ್ತಿದ್ದ. ಅವನಪ್ಪನೂ ಕೂಗುತ್ತಿದ್ದ. ನಾನು ಒಂದು ದಿನವೂ ತಪ್ಪಿಸಿಲ್ಲ, ಗಂಟಲು ಕಟ್ಟಿದಾಗಲೂ ಕೂಗಿದ್ದೇನೆ."

"ಕೂಗುವ ಮುಂಚೆ ಎಲ್ಲಿ ನೋಡುತ್ತೀ?"

"ನೋಡುವುದಾ?" ಟಿಟ್ಟಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನನ್ನದು ಕೂಗುವ ಕೆಲಸ. ನೋಡುವ ಕೆಲಸ ಯಾರದೋ ನನಗೆ ಗೊತ್ತಿಲ್ಲಮ್ಮ. ನಾನು ಹೊಂಡಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ. ಬೆಳಗಿನ ಬಿಸಿಲು ನೀರಿಗೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ."

ಅಲ್ಲಿಂದ ಅವಳು ಕೊಂಬಯ್ಯನ ಬಳಿಗೆ ಹೋದಳು. "ಯಜಮಾನರೇ, ನಮಸ್ಕಾರ ಹಾಕುವಾಗ ಕಣ್ಣು ಯಾಕೆ ಮುಚ್ಚಬೇಕು?"

"ಭಕ್ತಿಯಿಂದ."

"ಯಾರು ಹೇಳಿದ್ದು?"

"ನಮ್ಮಜ್ಜ ಹಾಗೇ ಮಾಡುತ್ತಿದ್ದ."

"ಅಜ್ಜನಿಗೆ ಯಾರು ಹೇಳಿದ್ದು?"

ಕೊಂಬಯ್ಯ ಕಿವಿ ಪಟಪಟ ಬಡಿದ. ಅಂದೇ ಮಧ್ಯಾಹ್ನ ತಾರೆಮರದ ಕೆಳಗೆ ಸಭೆ ಸೇರಿತು. "ಹೊಂಡದಿಂದ ನೂರು ಹೆಜ್ಜೆಯ ಒಳಗೆ ಯಾರೂ ಪ್ರಶ್ನೆ ಕೇಳಕೂಡದು" ಎಂದು ಕೊಂಬಯ್ಯ ಹೊಸ ನಿಯಮ ಓದಿದ. "ಒಪ್ಪಿಗೆ ಇಲ್ಲದವರು ಕೈ ಎತ್ತಿ." ಸಭೆಯಲ್ಲಿ ಕೈ ಇದ್ದವನು ಮಾದ ಒಬ್ಬನೇ. ಅವನು ಎರಡು ಕೈಯಲ್ಲೂ ಬಾಲ ಹಿಡಿದುಕೊಂಡಿದ್ದ. ಹೀಗೆ ನಿಯಮ ಸರ್ವಾನುಮತದಿಂದ ಪಾಸಾಯಿತು.

"ನೂರು ಹೆಜ್ಜೆ ಅಂದರೆ ಯಾರ ಹೆಜ್ಜೆ? ನಿಮ್ಮದೋ, ನನ್ನದೋ?" ಎಂದಳು ಕೆದಕಮ್ಮ.

ಯಾರೂ ಉತ್ತರ ಕೊಡಲಿಲ್ಲ. ಅದೂ ಪ್ರಶ್ನೆಯೇ ತಾನೆ.

ಮಾರನೆಯ ದಿನ ಅವಳು ಹೊಂಡಕ್ಕೆ ಹೋಗಲಿಲ್ಲ. ಕೊಂಬಯ್ಯನ ಹೆಜ್ಜೆಯಲ್ಲಿ ಎಣಿಸಿದರೂ ನೂರನ್ನು ಮೀರುವಷ್ಟು ದೂರದ ಕಲ್ಲುಗುಡ್ಡಕ್ಕೆ ನಡೆದಳು. ಅಲ್ಲಿ ಒಂದು ಬಂಡೆಯ ಸಂದಿನಲ್ಲಿ ಆಮೆಜ್ಜಿ ಇದ್ದಳು. ಆ ಕಾಡಿನಲ್ಲಿ ಅವಳಿಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ. ಕತ್ತಾಳೆ ಮೆಲ್ಲುತ್ತ ಅದರ ರಸದಲ್ಲೇ ಬದುಕುತ್ತಿದ್ದ ಅವಳು ಹೊಂಡದ ಕಡೆ ಬಂದು ವರ್ಷಗಳೇ ಆಗಿದ್ದವು.

ಕೆದಕಮ್ಮ ಎಲ್ಲವನ್ನೂ ಹೇಳಿದಳು. ಆಮೆಜ್ಜಿ ಬಹಳ ಹೊತ್ತು ಅಗಿದು, ನುಂಗಿ, ಆಮೇಲೆ ಮಾತಾಡಿದಳು.

"ಅದು ನಮಸ್ಕಾರ ಅಲ್ಲ ಕಣೇ. ನಾನು ಚಿಕ್ಕವಳಿದ್ದಾಗ ಒಮ್ಮೆ ಹೀಗೇ ನದಿ ಬತ್ತಿ, ಹೊಂಡಕ್ಕೆ ಮೊಸಳೆ ಬಂತು. ಆಗ ನಾವೆಲ್ಲ ಕೂತು ಮಾತಾಡಿ ಒಂದು ಏರ್ಪಾಡು ಮಾಡಿಕೊಂಡೆವು. ಕುಡಿಯುವ ಮುಂಚೆ ಬಗ್ಗಿ ಮೂರು ಸಲ ನೋಡಬೇಕು. ಒಮ್ಮೆ ಕಾಲ ಬುಡದಲ್ಲಿ, ಒಮ್ಮೆ ನಡುನೀರಲ್ಲಿ, ಒಮ್ಮೆ ಆಚೆ ದಡದಲ್ಲಿ. ನೀರಿನ ಮೇಲೆ ಎರಡು ಉಬ್ಬು ಕಂಡರೆ ಅದು ಮೊಸಳೆಯ ಕಣ್ಣು. ಬಂಡೆಯ ಮೇಲಿನ ಟಿಟ್ಟಿಭ ಮೇಲಿಂದ ನೀರನ್ನೆಲ್ಲ ನೋಡಿ, ಏನೂ ಇಲ್ಲದಿದ್ದರೆ ಎಲ್ಲ ಸರಿಯಿದೆ ಅನ್ನಬೇಕು. ಮಳೆ ಬಂತು, ಮೊಸಳೆ ನದಿಗೆ ಹೋಯಿತು. ಬಗ್ಗುವುದು ಮಾತ್ರ ಉಳಿಯಿತು."

"ಹಾಗಾದರೆ ಕಣ್ಣು ಮುಚ್ಚಿದ್ದು ಯಾವಾಗ?"

"ಅದಾ?" ಆಮೆಜ್ಜಿ ನಕ್ಕಳು. "ನಿಮ್ಮ ಕೊಂಬಯ್ಯನ ಅಜ್ಜನಿಗೆ ಕಣ್ಣುಬೇನೆ ಇತ್ತು. ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ, ಪಾಪ, ಮುಚ್ಚಿಕೊಂಡೇ ಬಗ್ಗುತ್ತಿದ್ದ. ಅವನು ಯಜಮಾನ ನೋಡು, ಎಲ್ಲರೂ ಮುಚ್ಚಿಕೊಂಡರು."

"ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ ಅಜ್ಜಿ?"

"ಯಾರು ಕೇಳಿದರು? ಕೇಳದೆ ಹೇಳಿದರೆ ಮುದುಕಿ ಗೊಣಗುತ್ತಾಳೆ ಅಂತಾರೆ."

ಕೆದಕಮ್ಮ ಏದುಸಿರು ಬಿಡುತ್ತ ವಾಪಸು ಬಂದು ಎಲ್ಲರಿಗೂ ವಿಷಯ ಹೇಳಿದಳು. ಅವತ್ತು ಬೆಳಿಗ್ಗೆ ಯಾರಿಗೂ ಏನೂ ಆಗಿರಲಿಲ್ಲ. ಮೊಲ ತಿಂದ ಮೊಸಳೆಗೆ ಇನ್ನೂ ಹಸಿವಾಗಿರಲಿಲ್ಲ, ಅಷ್ಟೇ. ಆದರೆ ಕೊಂಬಯ್ಯ, "ನೋಡಿದೆಯಾ, ಹನ್ನೊಂದು ಹಾಕಿದ್ದಕ್ಕೆ ಎಲ್ಲ ಸರಿಹೋಯಿತು" ಎಂದ.

"ಅದೂ ಅಲ್ಲದೆ, ನಾವು ಇಷ್ಟು ದಿನದಿಂದ ಹೊಂಡಕ್ಕೆ ಹೋಗುತ್ತಿದ್ದೇವೆ. ಒಬ್ಬರಾದರೂ ಮೊಸಳೆ ನೋಡಿದ್ದೇವಾ?" ಎಂದ ಮಾದ.

"ಕಣ್ಣು ಮುಚ್ಚಿಕೊಂಡರೆ ಮೊಸಳೆ ಹೇಗೆ ಕಾಣುತ್ತದೆ?" ಎಂದಳು ಕೆದಕಮ್ಮ.

"ನೋಡಿ, ಮತ್ತೆ ಪ್ರಶ್ನೆ" ಎಂದು ಎಲ್ಲರೂ ನಕ್ಕು ಚದುರಿದರು.

ಮರುದಿನ ಬೆಳಗಾಗುವಾಗ ಕೊನೆಯ ಮರಿ ಎದ್ದು ನಿಲ್ಲಲೂ ಕಷ್ಟಪಡುತ್ತಿತ್ತು. ಇನ್ನು ಕಾಯುವಂತಿರಲಿಲ್ಲ. ಕೆದಕಮ್ಮ ಎಂಟನ್ನೂ ಕರೆದುಕೊಂಡು ಹೋಗಿ ತಾರೆಮರದ ಬೇರಿನ ಹಿಂದೆ ನಿಲ್ಲಿಸಿದಳು. "ನಾನು ನೀರು ನೋಡಿ ಬರುತ್ತೇನೆ. ಸರಿಯಿದೆ ಅನ್ನುವ ತನಕ ಬರಬೇಡಿ" ಎಂದು ಹೇಳಿ ದಡಕ್ಕೆ ಇಳಿದಳು.

ಅಷ್ಟರಲ್ಲಿ ಬಂಡೆಯ ಮೇಲಿಂದ ಟಿಟ್ಟಿ ಹೊಂಡಕ್ಕೆ ಬೆನ್ನು ಮಾಡಿ, "ಎಲ್ಲ ಸರಿಯಿದೆ, ಎಲ್ಲ ಸರಿಯಿದೆ" ಎಂದು ಕೂಗಿದ.

ಮರಿಗಳಿಗೆ ಅಷ್ಟೇ ಬೇಕಿತ್ತು. ಸರಿಯಿದೆ ಎಂಬ ಮಾತು ಬಂತಲ್ಲ. ಎಂಟೂ ಒಂದೇ ಉಸಿರಿಗೆ ಓಡಿಬಂದು, ಬಗ್ಗಿ ನಿಂತಿದ್ದ ಕೊಂಬಯ್ಯನ ಕಾಲುಗಳ ನಡುವೆ ನುಸುಳಿ, ನೀರಿನ ಅಂಚಿಗೆ ಹೋಗಿ ಕೊಕ್ಕು ಅದ್ದಿದವು. ದಡದ ತುಂಬ ಎಲ್ಲರೂ ಕಣ್ಣು ಮುಚ್ಚಿ ಒಂದು, ಎರಡು, ಮೂರು ಎಂದು ಬಗ್ಗಿ ಏಳುತ್ತಿದ್ದರು. ಕಣ್ಣು ತೆರೆದಿದ್ದವಳು ಕೆದಕಮ್ಮ ಒಬ್ಬಳೇ. ಕಾಲ ಬುಡ ನೋಡಿದಳು. ನಡುನೀರು ನೋಡಿದಳು. ಅಲ್ಲಿ ಎರಡು ಉಬ್ಬುಗಳಿದ್ದವು. ಅವು ನಿಂತಲ್ಲಿ ನಿಂತಿರಲಿಲ್ಲ.

ಅವಳು ಮರಿಗಳನ್ನು ಕರೆದಳು, ಬಾಯಾರಿದ ಮರಿಗಳಿಗೆ ಕೇಳಿಸಲಿಲ್ಲ. ಓಡುತ್ತಲೇ ಬಂಡೆಯ ಕಡೆ ತಿರುಗಿ ಕೂಗಿದಳು. "ಟಿಟ್ಟಿ, ನಡುನೀರಲ್ಲಿ ಇರುವುದು ಏನು? ನೋಡಿ ಹೇಳು, ಅದು ಏನು?"

"ನೂರು ಹೆಜ್ಜೆ, ಕೆದಕಮ್ಮ, ನಿಯಮ" ಎಂದ ಕೊಂಬಯ್ಯ, ಕಣ್ಣು ಮುಚ್ಚಿಕೊಂಡೇ ಎಂಟನೆಯದಕ್ಕೆ ಬಗ್ಗುತ್ತ.

ಆದರೆ ಟಿಟ್ಟಿಗೆ ಅವನ ಜನ್ಮದಲ್ಲಿ ಯಾರೂ ಏನನ್ನೂ ನೋಡಿ ಹೇಳು ಎಂದಿರಲಿಲ್ಲ. ಅವನು ತಿರುಗಿದ. ಬಿಸಿಲು ಕಣ್ಣಿಗೆ ಹೊಡೆಯಿತು, ಕಣ್ಣು ಕಿರಿದು ಮಾಡಿ ನೋಡಿದ. ಮರುಕ್ಷಣ ಅವನಪ್ಪನಾಗಲಿ ಅಜ್ಜನಾಗಲಿ ಕೂಗದಿದ್ದ ಕೂಗು ಅವನ ಗಂಟಲಿಂದ ಹೊರಟಿತು. "ಸರಿಯಿಲ್ಲ, ಏನೂ ಸರಿಯಿಲ್ಲ, ಮೊಸಳೆ, ಮೊಸಳೆ."

"ಸರಿಯಿಲ್ಲ" ಎಂಬ ಮಾತನ್ನು ಆ ಹೊಂಡದಲ್ಲಿ ಯಾರೂ ಕೇಳಿರಲಿಲ್ಲ. ಒಂಬತ್ತನೆಯ ನಮಸ್ಕಾರದಲ್ಲಿದ್ದ ಎಲ್ಲರೂ ಗಾಬರಿಯಿಂದ ಕಣ್ಣು ಬಿಟ್ಟರು. ಕೊಂಬಯ್ಯನ ಮೂತಿಯ ಮುಂದೆಯೇ ಒಂದು ಬಾಯಿ ತೆರೆದಿತ್ತು, ಅದರ ಎದುರಿಗೆ ಎಂಟು ಕೋಳಿಮರಿಗಳು. ಅವನು ಯೋಚಿಸಲಿಲ್ಲ. ತಲೆ ತಗ್ಗಿಸಿ ಕೊಂಬಿನಿಂದ ಮೊಸಳೆಯ ದವಡೆಗೆ ಒಂದೇಟು ಕೊಟ್ಟ. ಕೆದಕಮ್ಮ ರೆಕ್ಕೆ ಬಡಿಯುತ್ತ ಮರಿಗಳನ್ನು ದಡದ ಮೇಲಕ್ಕೆ ಅಟ್ಟಿದಳು. ಒಂದು, ಎರಡು ಎಂದು ಎಣಿಸಿದಳು, ಎಂಟೂ ಇದ್ದವು.

"ಇನ್ನೂ ಎರಡು ನಮಸ್ಕಾರ ಬಾಕಿ ಇತ್ತಲ್ಲ" ಎಂದು ಮೊಸಳೆ ಬೇಸರದಿಂದ ಹೇಳಿ, ದವಡೆ ಸವರಿಕೊಳ್ಳುತ್ತ ನೀರಿನೊಳಗೆ ಇಳಿಯಿತು.

ಮುಂಗಾರು ಬಂದು ಮೊಸಳೆ ನದಿಗೆ ಮರಳುವ ತನಕ ತಾರೆಹೊಂಡದಲ್ಲಿ ಎಲ್ಲರೂ ಕಣ್ಣು ಬಿಟ್ಟುಕೊಂಡು, ನೀರು ಆಳವಿಲ್ಲದ ಕಡೆ ಇಬ್ಬಿಬ್ಬರಾಗಿ ಕುಡಿದರು. ಟಿಟ್ಟಿ ದಿನಕ್ಕೆ ಹತ್ತು ಸಲ ನೀರು ನೋಡುತ್ತಿದ್ದ. ಸಿಕ್ಕಸಿಕ್ಕವರಿಗೆಲ್ಲ ತನ್ನ ಕೆಲಸ ಎಷ್ಟು ಕಷ್ಟದ್ದು ಎಂದು ವಿವರಿಸಿ ಬೇಸರ ತರಿಸುತ್ತಿದ್ದ.

ಕೊಂಬಯ್ಯ ಮಾತ್ರ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಕೆದಕಮ್ಮನ ಪೊದೆಯ ಮುಂದೆ ಬಂದು ನಿಂತ. ಅಷ್ಟು ದೊಡ್ಡ ಪ್ರಾಣಿ, ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದ. ಆಮೇಲೆ ತನ್ನ ಬದುಕಿನಲ್ಲಿ ಮೊದಲ ಸಲ ಒಂದು ಪ್ರಶ್ನೆ ಕೇಳಿದ.

"ನಾನು ಮೂರನ್ನು ಐದು ಮಾಡಿದ್ದಕ್ಕೇ ನೀಲವ್ವ ಹೋದಳಾ?"

ಬೇರೆ ಯಾರಾದರೂ ಆಗಿದ್ದರೆ ಯಜಮಾನನ ಮನಸ್ಸಿಗೆ ನೋವಾಗದಿರಲಿ ಎಂದು ಏನಾದರೂ ಹೇಳುತ್ತಿದ್ದರು. ಕೆದಕಮ್ಮನಿಗೂ ಅವನನ್ನು ನೋಡಿ ಮರುಕವಾಯಿತು. ಆದರೆ ಕೇಳಿದವರಿಗೆ ನಿಜವನ್ನೇ ಹೇಳಬೇಕು ಎಂದು ಅವಳಿಗೆ ಗೊತ್ತಿತ್ತು.

"ಹೌದು ಯಜಮಾನರೇ" ಎಂದಳು.

ಕೊಂಬಯ್ಯನ ಕಣ್ಣುಗಳು ತೆರೆದೇ ಇದ್ದವು, ನೀರು ಇಳಿಯುತ್ತಿತ್ತು.

ನೀತಿ: ಮಾಡುವ ಕೆಲಸವಾಗಲಿ, ಊರಿನ ನಿಯಮವಾಗಲಿ, ಮನಸ್ಸಿನ ನಂಬಿಕೆಯಾಗಲಿ, ಅದು ಯಾಕೆ ಎಂದು ಕೇಳುವವರ ಬಾಯಿ ಮುಚ್ಚಿಸಬಾರದು, ಸಮಯಕ್ಕೆ ಕೇಳದೆ ಉಳಿದ ಪ್ರಶ್ನೆಗೆ ಬೆಲೆ ತೆರುವವರು ಬೇರೆಯವರೇ ಆಗಿರುತ್ತಾರೆ.