ಹಿತ್ತಾಳೆಯ ಮಂಟಪ

ಚಾತುರ್ಮಾಸ್ಯ ಮುಗಿಯಲು ಹದಿನೈದು ದಿನ ಉಳಿದಿದ್ದ ಒಂದು ಅಪರಾಹ್ನ, ಪಾಠಶಾಲೆಯ ಜಗುಲಿಯಲ್ಲಿ ವರದಯ್ಯನೆಂಬ ಶಿಷ್ಯನು ಗುರುಗಳ ಮುಂದೆ ಕೈಮುಗಿದು ಕುಳಿತು ಕೇಳಿದನು:

"ಗುರುಗಳೇ, ಆರು ವರ್ಷ ನಿಮ್ಮಲ್ಲಿ ತರ್ಕವನ್ನು ಓದಿದ್ದೇನೆ. ನಿಮ್ಮ ಎದುರಿಗೆ ಕುಳಿತಾಗ ಎಲ್ಲವೂ ತಡೆಯಿಲ್ಲದೆ ಬರುತ್ತದೆ. ಹೊರಗೆ ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಮಾತು ನಡುವೆಯೇ ಕಡಿದುಹೋಗುತ್ತದೆ. ನಿದ್ದೆಯನ್ನು ಸರಿಪಡಿಸಿಕೊಂಡೆ, ಆಹಾರವನ್ನು ತಿದ್ದಿಕೊಂಡೆ, ಓದಿದ್ದನ್ನೇ ನೂರು ಸಲ ಓದಿದೆ. ಬರುವ ತಿಂಗಳು ನಾನೇ ಪಾಠ ಹೇಳಬೇಕು. ದೋಷ ಎಲ್ಲಿದೆ?"

ಗುರುಗಳು ದಣಿದಿದ್ದರು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಗಳಿಂದ ನಲವತ್ತು ವರ್ಷ ಕೇಳಿದ್ದರು. ಕಂಬಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಹೇಳತೊಡಗಿದರು.

ಒಬ್ಬ ಕಂಚುಗಾರನಿದ್ದ. ಅವನ ಹೆಂಡತಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಮಾತು ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ದೂರದ ಊರಿನ ವೈದ್ಯೆಯೊಬ್ಬಳು ದಿನವೂ ಸಂಜೆ ನಾಲ್ಕು ಗಂಟೆಗೆ ಲ್ಯಾಪ್‌ಟಾಪಿನ ತೆರೆಯ ಮೇಲೆ ಬಂದು ಅವಳಿಗೆ ಪಾಠ ಹೇಳುತ್ತಿದ್ದಳು. ತುಟಿಯನ್ನು ಹೇಗೆ ಕೂಡಿಸಬೇಕು, ನಾಲಗೆಯನ್ನು ಎಲ್ಲಿ ತಾಗಿಸಬೇಕು ಎಂದು ತೋರಿಸುವಳು. ಇವಳು ನೋಡಿ ಹಾಗೆಯೇ ಮಾಡುವಳು. "ಆರು ತಿಂಗಳೊಳಗೆ ಎಷ್ಟು ಬಂತೋ ಅಷ್ಟು. ಆಮೇಲೆ ಬಹಳ ಕಷ್ಟ" ಎಂದು ವೈದ್ಯೆ ಮೊದಲೇ ಹೇಳಿದ್ದಳು. ಮೂರು ತಿಂಗಳಲ್ಲಿ ಒಂದೆರಡು ಅಕ್ಷರಗಳು ಬಂದಿದ್ದವು.

ಆ ಪಾಠವನ್ನು ಮನೆಗೆ ತರುತ್ತಿದ್ದುದು ಗೋಡೆಗೆ ತೂಗುಹಾಕಿದ್ದ ಚಿಕ್ಕದೊಂದು ವೈಫೈ ಪೆಟ್ಟಿಗೆ. ತಂತಿಯ ಹಂಗಿಲ್ಲದೆ ಅದು ಲ್ಯಾಪ್‌ಟಾಪಿಗೆ ವೈದ್ಯೆಯ ಮುಖವನ್ನೂ ಧ್ವನಿಯನ್ನೂ ಮುಟ್ಟಿಸುತ್ತಿತ್ತು. ಆಯುಧಪೂಜೆ ಬಂದಾಗ ಕಂಚುಗಾರನು ಸುತ್ತಿಗೆ, ಇಕ್ಕಳ, ತಿದಿಗಳ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದ. ಹಬ್ಬ ಕಳೆದ ಮೇಲೆ ಸುತ್ತಿಗೆ ಕುಲುಮೆಗೆ ಹಿಂತಿರುಗಿತು. ಪೆಟ್ಟಿಗೆಯನ್ನು ಮಾತ್ರ ಮೊಳೆಗೆ ಮರಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಹೆಂಡತಿಗೆ ಮಾತನ್ನು ತಂದುಕೊಡುವ ವಸ್ತು ಧೂಳಿನಲ್ಲಿರಬಾರದೆಂದು, ತನ್ನ ಕೈಯಾರೆ ಹಿತ್ತಾಳೆಯ ತಗಡು ಬಡಿದು ಅದಕ್ಕೊಂದು ಮಂಟಪ ಮಾಡಿದ. ಸುತ್ತಲೂ ತಗಡು, ಮೇಲೆ ಶಿಖರ, ಮುಂದೆ ಬಾಗಿಲು, ಹಿಂದೆ ವಯರು ನುಸುಳುವಷ್ಟು ರಂಧ್ರ. ದೇವರಮನೆಯಲ್ಲಿ ಅದನ್ನು ಸ್ಥಾಪಿಸಿದ. ಬೆಳಿಗ್ಗೆ ಬಾಗಿಲು ತೆರೆದು ಹೂವಿಡುವನು. ಮಧ್ಯಾಹ್ನ ಊಟಕ್ಕೆ ಮೊದಲು ಮುಚ್ಚುವನು.

ಅಂದಿನಿಂದ ಪಾಠ ಮುರಿಯತೊಡಗಿತು. ವೈದ್ಯೆಯ ಮುಖ ಬಾಯಿ ಅರ್ಧ ತೆರೆದಂತೆಯೇ ನಿಂತುಬಿಡುವುದು. ಹೆಂಡತಿಯೂ ಬಾಯನ್ನು ಹಾಗೆಯೇ ತೆರೆದುಕೊಂಡು ಕಾಯುವಳು.

ಕಂಚುಗಾರ ಸೋಮಾರಿಯಲ್ಲ. ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಚಾಲು ಮಾಡಿದ. ಅದರಲ್ಲಿದ್ದ ನೆಟ್‌ವರ್ಕಿನ ಹೆಸರನ್ನು ಅಳಿಸಿ ಪಾಸ್‌ವರ್ಡನ್ನು ಹೊಸದಾಗಿ ಬರೆದ. ಒಳಗಿನ ತಂತ್ರಾಂಶವನ್ನು ಬದಲಾಯಿಸಿದ. ಮೇಜನ್ನು ಕಿಟಕಿಯ ಬಳಿಗೆ ಎಳೆದ, ಅಲ್ಲಿಂದ ಬಾಗಿಲ ಬಳಿಗೆ ಎಳೆದ. ಸಂಪರ್ಕ ಒದಗಿಸುವವರಿಗೆ ಫೋನು ಮಾಡಿದ. ತಮ್ಮ ಕಡೆಯಿಂದ ಎಲ್ಲವೂ ಸರಿಯಾಗಿದೆಯೆಂದರು. ಒಂದೊಂದು ಉಪಾಯವನ್ನೂ ಅವನು ಬೆಳಿಗ್ಗೆ ಪೂಜೆ ಮುಗಿಸಿದೊಡನೆ ಪರೀಕ್ಷಿಸುತ್ತಿದ್ದ. ಆಗ ಸರಿಯಿರುತ್ತಿತ್ತು. ನಾಲ್ಕು ಗಂಟೆಗೆ ಮತ್ತೆ ಕೆಡುತ್ತಿತ್ತು. ಹೀಗೆ ಎರಡು ತಿಂಗಳು ಸಂದವು.

ತಾನು ಕುಳಿತಾಗ ಸರಿ, ಅವಳು ಕುಳಿತಾಗ ಕೆಡುತ್ತದೆ ಎಂದ ಮೇಲೆ ದೋಷ ಅವಳದೇ ಎಂದು ಅವನ ಬುದ್ಧಿಗೆ ತೋರಿತು. "ನೀನೇ ಏನನ್ನೋ ಒತ್ತುತ್ತೀಯೆ, ಮಹಾರಾಯ್ತಿ!" ಎಂದು ಗದರಿದ. ಇಲ್ಲವೆನ್ನಲು ಅವಳಿಗೆ ಬಾಯಿರಲಿಲ್ಲ. ಮರುದಿನ ನಾಲ್ಕು ಗಂಟೆಗೆ ಅವಳು ಗೋಡೆಯ ಕಡೆ ಮುಖಮಾಡಿ ಮಲಗಿದಳು. ಆಗ ಅವನು ಹೆದರಿ, ಪೇಟೆಯಿಂದ ಯಂತ್ರ ರಿಪೇರಿ ಮಾಡುವ ಹುಡುಗಿಯೊಬ್ಬಳನ್ನು, ನಡೆದುದನ್ನೆಲ್ಲ ದಾರಿಯಲ್ಲೇ ಹೇಳುತ್ತ, ಕರೆತಂದ.

"ಪೆಟ್ಟಿಗೆ ಎಲ್ಲಿದೆ, ಯಜಮಾನರೇ?" ಎಂದಳು ಅವಳು.

"ದೇವರಮನೆಯಲ್ಲಿದೆ. ಅದಕ್ಕೇನೂ ಆಗಿಲ್ಲ, ತಂಗಿ. ನೀನು ಲ್ಯಾಪ್‌ಟಾಪು ನೋಡು."

"ಆಗಿಲ್ಲವೆಂದು ಹೇಗೆ ಗೊತ್ತು? ಅದನ್ನು ನೋಡಿದಿರಾ?"

"ನೋಡುವುದೇನು, ದಿನಾ ಹೂವು ಏರಿಸುತ್ತೇನೆ!"

ಅವಳು ಒಳಗೆ ಹೋಗಿ ಮಂಟಪವನ್ನು ಬೆರಳಿನಿಂದ ತಟ್ಟಿದಳು. ಅದು ಗಂಟೆಯಂತೆ ನುಡಿಯಿತು. "ಕೆಲಸವೇನೋ ಚೆನ್ನಾಗಿದೆ. ಆದರೆ ಗಿಣಿಯನ್ನು ಹಂಡೆಯೊಳಗೆ ಕೂರಿಸಿ ಮುಚ್ಚಳ ಹಾಕಿ, ಕೇಳಿಸಲಿಲ್ಲವೆಂದು ಪಾಪ ಆ ಅಮ್ಮನ ಕಿವಿ ಹಿಂಡಿದಿರಲ್ಲ! ಇದರ ಅಲೆ ಲೋಹವನ್ನು ದಾಟುವುದಿಲ್ಲ, ಯಜಮಾನರೇ. ಬಾಗಿಲು ತೆರೆದಾಗ ಬರುತ್ತದೆ, ಮುಚ್ಚಿದಾಗ ಉಸಿರು ಕಟ್ಟುತ್ತದೆ."

ಪೆಟ್ಟಿಗೆಯನ್ನು ಹೊರಗೆ ತೆಗೆದು ನಡುಮನೆಯ ಹಲಗೆಯ ಮೇಲೆ ಇಟ್ಟು ಹೋದಳು.

ಅಂದು ಪಾಠ ಮುರಿಯಲಿಲ್ಲ. ಆದರೆ ಹೆಂಡತಿ ಗೋಡೆಯಿಂದ ಮುಖ ತಿರುಗಿಸಲಿಲ್ಲ. ತೆರೆಯ ಮೇಲೆ ವೈದ್ಯೆ ಒಬ್ಬಳೇ ತುಟಿ ಕೂಡಿಸಿ ತೋರಿಸುತ್ತಿದ್ದಳು. ಕಂಚುಗಾರ ತಾನೇ ತೆರೆಯ ಮುಂದೆ ಕುಳಿತು, ವೈದ್ಯೆ ಹೇಳಿದಂತೆ ತುಟಿ ಕೂಡಿಸಿದ. ಎಂಟು ದಿನ ಹಾಗೆಯೇ ಮಾಡಿದ. ಒಂಬತ್ತನೆಯ ದಿನ ಹೆಂಡತಿ ಕಾಲೆಳೆಯುತ್ತ ಎದ್ದುಬಂದು, ಅವನನ್ನು ಪಕ್ಕಕ್ಕೆ ಸರಿಸಿ ಕುಳಿತಳು. ಉಳಿದ ದಿನಗಳಲ್ಲಿ ಅವಳಿಗೆ ಎಷ್ಟು ಮಾತು ಬಂತೆಂದು ನಾನು ವಿಚಾರಿಸಲಿಲ್ಲ.

ಗುರುಗಳ ಕಥೆ ಅಲ್ಲಿಗೆ ಮುಗಿಯಿತು.

ವರದಯ್ಯನು, "ಕಂಚುಗಾರ ಭಕ್ತಿಯಿಂದಲೇ ಕೆಟ್ಟ, ಗುರುಗಳೇ. ಅದು ತಿಳಿಯಿತು. ಆದರೆ ನಾನು ಯಾವುದಕ್ಕೆ ಮಂಟಪ ಕಟ್ಟಿದ್ದೇನೆ?" ಎಂದನು.

ಗುರುಗಳು ಕಣ್ಣು ತೆರೆದರು.

"ಆರು ವರ್ಷಗಳಲ್ಲಿ ನನ್ನ ಯಾವ ಮಾತನ್ನು ನೀನು ಬಿಚ್ಚಿ ನೋಡಿದ್ದೀಯೆ, ವರದಯ್ಯ?"

ವರದಯ್ಯನು ಜಗುಲಿಯ ಬಿಸಿಲು ಅಂಗಳಕ್ಕೆ ಇಳಿಯುವವರೆಗೂ ಹಾಗೆಯೇ ಕುಳಿತಿದ್ದನು.

ಮರುದಿನ ಪಾಠದ ನಡುವೆ, ಗುರುಗಳು ಒಂದು ಸೂತ್ರಕ್ಕೆ ಅರ್ಥ ಹೇಳುತ್ತಿದ್ದಾಗ, ಅವನು "ಇದು ಹೇಗೆ ಕೂಡುತ್ತದೆ?" ಎಂದು ಕೇಳಿದನು. ಗುರುಗಳಿಗೆ ಉತ್ತರ ತೋಚಲಿಲ್ಲ. ಅಂದಿನ ಪಾಠ ಅಲ್ಲಿಗೇ ನಿಂತಿತು.