ಅತ್ಯುತ್ತಮ ಮ್ಯಾನೇಜರ್ ಯಾರು?

ಗಣಿ ಮುಚ್ಚಿದ ಮೇಲೆ ಆ ಊರಿಗೆ ಉಳಿದಿದ್ದು ಒಂದು ಫುಟ್‌ಬಾಲ್ ಕ್ಲಬ್ಬು. ಅದೂ ಆರು ವರ್ಷದಿಂದ ಸೋಲುತ್ತಲೇ ಇತ್ತು. ಸೋಮವಾರ ಬಂತೆಂದರೆ ಸೋಲಿನ ವರದಿ ಬರೆಯುವುದೇ ಕ್ಲಬ್ಬಿನ ಗುಮಾಸ್ತನ ಕೆಲಸ.

ಒಂದು ದಿನ ಅಧ್ಯಕ್ಷ ಜಯಶೀಲನ್ ಅವನನ್ನು ಕರೆಸಿದರು. "ಬೆಳ್ಳಿಹಬ್ಬದ ಸಭೇಲಿ ನಮ್ಮ ಮ್ಯಾನೇಜರುಗಳಲ್ಲಿ ಅತ್ಯುತ್ತಮ ಯಾರು, ಅತಿ ಕಳಪೆ ಯಾರು ಅಂತ ನೀನು ಓದಬೇಕು. ಉತ್ತಮ ನಾನು. ಕಳಪೆ ಅಂತೋಣಪ್ಪ. ಕಾರಣ ನೀನೇ ಬರಿ. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಅಂತೋಣಪ್ಪ ಮೂರು ಸಲ ಕಪ್ ಗೆಲ್ಲಿಸಿಕೊಟ್ಟವರು. ಜಯಶೀಲನ್ ಮ್ಯಾನೇಜರ್ ಆಗಿದ್ದು ಒಂದೇ ವರ್ಷ. ಆ ವರ್ಷ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಗುಮಾಸ್ತನಿಗೆ ಎರಡು ದಿನ ಊಟ ಸೇರಲಿಲ್ಲ.

ಸಭೆಯಲ್ಲಿ ಎದ್ದು ನಿಂತು ಓದಿದ: "ಅತಿ ಕಳಪೆ ಅಂತೋಣಪ್ಪನವರು. ಅವರು ಕ್ಲಬ್ಬು ಬಿಟ್ಟ ದಿನ ಊರಿಗೆ ಊರೇ ಅತ್ತಿತು. ಇಷ್ಟು ಜನರನ್ನು ಅಳಿಸಿದವರು ಇನ್ನೊಬ್ಬರಿಲ್ಲ. ಅತ್ಯುತ್ತಮ ನಮ್ಮ ಅಧ್ಯಕ್ಷರು. ಅವರು ಬಿಟ್ಟ ದಿನ ಜನ ಬೀದಿಬೀದಿಯಲ್ಲಿ ಲಾಡು ಹಂಚಿದರು. ಊರಿಗೆ ಅಷ್ಟು ಸಂತೋಷ ಕೊಟ್ಟ ಮ್ಯಾನೇಜರ್ ಮತ್ತೊಬ್ಬರು ಹುಟ್ಟಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಹಿಂದಿನ ಸಾಲಿನಲ್ಲಿ ಅಂತೋಣಪ್ಪ ಕಣ್ಣೊರೆಸಿಕೊಂಡರು. ಎಷ್ಟೋ ಕಾಲದ ಮೇಲೆ ಗುಮಾಸ್ತನ ಎದೆ ಹಗುರಾಯಿತು.

ಅಧ್ಯಕ್ಷರಿಗೆ ಕೇಳಿಸಿದ್ದು ಚಪ್ಪಾಳೆ ಮಾತ್ರ. ಅವರು ಮೈಕ್ ಹಿಡಿದು ಹೇಳಿದರು: "ನನ್ನ ಮೇಲೆ ನಿಮಗೆ ಇಷ್ಟೊಂದು ಪ್ರೀತಿಯೇ? ಹಾಗಾದರೆ ಮುಂದಿನ ವರ್ಷದಿಂದ ಮತ್ತೆ ನಾನೇ ಮ್ಯಾನೇಜರ್!"

ನಗು ಅಲ್ಲಿಗೇ ನಿಂತಿತು. ಗುಮಾಸ್ತ ತಲೆಯ ಮೇಲೆ ಕೈ ಹೊತ್ತು ಕುಳಿತ.